ಆಮೇಲೆ ಹೇಳ್ತೀನಿ

“ಎರಡು ಗಂಟೆಗಲ್ಲ, ಈಗ ಬೇಕು. ಈಗಲೇ,” ಎಂದು ಫೋನಿಗೆ ಹೇಳುತ್ತ ಕಾರಿನ ಡಿಕ್ಕಿಯಿಂದ ಹೂವಿನ ಕಟ್ಟು ಎತ್ತಿಕೊಳ್ಳಲು ಹೋದ ಮೆರ್ವಿ ಕೈಗವಸನ್ನು ಹಿಮದಲ್ಲಿ ಬೀಳಿಸಿದಳು. ಆ ಕಡೆಯ ಹೆಂಗಸು ತಾಳ್ಮೆಯಿಂದ ಅದನ್ನೇ ಮತ್ತೊಮ್ಮೆ ಹೇಳಿದಳು. ಸನ್ನೆ ಭಾಷೆಯ ದುಭಾಷಿಯನ್ನು ಕೇಳಿರುವುದು ಎರಡು ಗಂಟೆಗೆ, ಅಂತ್ಯಸಂಸ್ಕಾರ ಮುಗಿದ ಮೇಲೆ ಚರ್ಚಿನ ಸಭಾಭವನದಲ್ಲಿ ನಡೆಯುವ ಕಾಫಿಗೆ. ಸ್ಮಶಾನದ ಚಾಪೆಲ್ಲಿಗೆ ಅಂತ ಯಾರೂ ಕೇಳಿಲ್ಲ. ಈಗ ಕಳಿಸೋಣವೆಂದರೆ ತಾಂಪೆರೆ ಊರಿನಲ್ಲೇ ಒಬ್ಬರೂ ಖಾಲಿ ಇಲ್ಲ.

ಚಾಪೆಲ್ಲಿನ ಬಾಗಿಲು ಆಗಲೇ ತೆರೆದಿತ್ತು. ಕಪ್ಪು ಕೋಟಿನ ಜನ ಬೂಟಿನ ಹಿಮ ಕೊಡವಿಕೊಂಡು ಒಳಗೆ ಹೋಗುತ್ತಿದ್ದರು. ಮೆಟ್ಟಿಲ ಬಳಿ ಅವಳ ತಮ್ಮ ಯಾರ್ಮೊ ಶವಪೆಟ್ಟಿಗೆ ಎತ್ತುವವರು ಹೆಗಲಿಗೆ ಹಾಕಿಕೊಳ್ಳುವ ಬಿಳಿ ಪಟ್ಟಿಗಳನ್ನು ಸಿಕ್ಕು ಬಿಡಿಸಿ ಜೋಡಿಸುತ್ತಿದ್ದ.

“ಯಾರ್ಮೊ, ಚಾಪೆಲ್ಲಿಗೆ ದುಭಾಷೀನ ಯಾಕೆ ಹೇಳ್ಲಿಲ್ಲ?”

“ಚಾಪೆಲಲ್ಲಿ ಏನಿದೆ? ಆರ್ಗನ್ನು, ಹಾಡು, ಪಾದ್ರಿ ಪ್ರಾರ್ಥನೆ. ಮಾಮಂಗೆ ಹೇಗೂ ಕೇಳ್ಸಲ್ಲ. ಕಾಫಿ ಹೊತ್ತಲ್ಲಾದ್ರೆ ಜನ ಮಾತಾಡ್ತಾರೆ, ಆಗ ಬೇಕಾಗತ್ತೆ ಅಂತ ಅಲ್ಲಿಗೆ ಹೇಳಿದೀನಿ.”

“ಕೇಳ್ಸಲ್ಲ ಅಂತಾನೇ ಅಲ್ವೇನೋ ದುಭಾಷಿ ಬೇಕಾಗೋದು?”

ಯಾರ್ಮೊ ಪಟ್ಟಿ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿದ. ಅದು ತನಗೆ ಹೊಳೆದೇ ಇರಲಿಲ್ಲವೆಂಬುದು ಅವನ ಮುಖದ ಮೇಲೆ ಬರೆದಿತ್ತು. ಅವನೇನೂ ಕೆಟ್ಟವನಲ್ಲ. ವಿಮೆ ಕಂಪನಿಯಲ್ಲಿದ್ದು ಇದ್ದು, ಏನೇನು ಆಗಬಹುದೆಂದು ಮೊದಲೇ ಯೋಚಿಸಿ ವ್ಯವಸ್ಥೆ ಮಾಡಿಡುವುದು ಅವನಿಗೆ ರೂಢಿಯಾಗಿತ್ತು. ಅಮ್ಮ ಸತ್ತ ದಿನದಿಂದ ಪಾದ್ರಿ, ಹಾಡು, ಸಾಲ್ಮನ್ ಮೀನು, ಏಲಕ್ಕಿ ಬನ್ನು ಎಲ್ಲವನ್ನೂ ಒಬ್ಬನೇ ನೋಡಿಕೊಂಡಿದ್ದ. ವ್ಯವಸ್ಥೆ ಮಾಡುವವರಿಗೆ ಇರುವ ಕಾಯಿಲೆಯೊಂದು ಅವನಿಗೂ ಇತ್ತು. ಯಾರಿಗೆ ಏನು ಬೇಕೆಂದು ಅವರನ್ನು ಕೇಳುವ ಅಭ್ಯಾಸವಿರಲಿಲ್ಲ.

ಕಾರಿನ ಮುಂದಿನ ಸೀಟಿನಲ್ಲಿ ಕೂತಿದ್ದ ತೌನೊ ಇಬ್ಬರ ಬಾಯಿಯನ್ನೂ ಗಾಜಿನೊಳಗಿಂದ ನೋಡುತ್ತಿದ್ದ. ಸತ್ತ ಅವರಮ್ಮ ಹಿಲ್ಕಳಿಗೆ ಇವನೊಬ್ಬನೇ ತಮ್ಮ, ಹುಟ್ಟು ಕಿವುಡ. ಗಂಡಸರ ಕೋಟು ಹೊಲಿದು ಹೊಲಿದು ಬೆನ್ನು ಕೊಂಚ ಬಾಗಿತ್ತಾದರೂ ತೋಳು ಇನ್ನೂ ಗಟ್ಟಿ. ಬಾಗಿಲು ತೆಗೆದು ಇಳಿದು ಬಂದು ಏನೆಂದು ಕೈಯಲ್ಲಿ ಕೇಳಿದ.

ಯಾರ್ಮೊ ಅವನ ತೋಳು ತಟ್ಟಿ, ಬಾಯನ್ನು ಅಗಲ ಮಾಡಿ ಹೇಳಿದ. “ಏನಿಲ್ಲ ಮಾಮ. ಆಮೇಲೆ. ಆಮೇಲೆ ಹೇಳ್ತೀನಿ.”

ಮೆರ್ವಿ ಯಾರ್ಮೊನನ್ನು ದುರುಗುಟ್ಟಿ ನೋಡಿದಳು. ತೌನೊ ಮಾಮ ಮಾತ್ರ ಬೇಸರ ಮಾಡಿಕೊಂಡವನಂತೆ ಕಾಣಲಿಲ್ಲ. ಪಟ್ಟಿಗಳ ಕಡೆ ಬೆರಳು ತೋರಿಸಿ, ಒಂದನ್ನು ಹೆಗಲಿಗೆ ಹಾಕಿಕೊಳ್ಳುವಂತೆ ತೋರಿಸಿ, ತನ್ನ ಎದೆ ಮುಟ್ಟಿಕೊಂಡ. ನಾನೂ ಎತ್ತುತ್ತೇನೆ. ಇದನ್ನು ಅವನು ಹಿಂದಿನ ದಿನವೂ ಕೇಳಿದ್ದ.

“ಅದಾಗಲ್ಲ ಅಂತ ನೀನೇ ಹೇಳು,” ಎಂದು ಯಾರ್ಮೊ ದನಿ ತಗ್ಗಿಸಿದ, ಕೇಳಿಸುವವರೆದುರು ತಗ್ಗಿಸುವ ಹಾಗೆ. “ಆರು ಜನ ಒಟ್ಟಿಗೇ ಎತ್ಬೇಕು. ಶವ ಸಂಸ್ಕಾರದ ಕಂಪನಿಯವನು ಮೆಲ್ಲಗೆ ‘ಹಾಂ’ ಅಂತಾನೆ, ಎಲ್ರೂ ಎತ್ತೋದು. ಮಾಮಂಗೆ ಅದು ಹೇಗೆ ಗೊತ್ತಾಗತ್ತೆ? ಒಂದು ಮೂಲೆ ತಡ ಆದ್ರೆ ಪೆಟ್ಟಿಗೆ ವಾಲತ್ತೆ. ಅಮ್ಮನ್ನ ಬೀಳ್ಸೋದಾ? ಅವರ ಜಾಗಕ್ಕೆ ಕಂಪನಿಯಿಂದಾನೇ ಇನ್ನೊಬ್ಬನ್ನ ಹೇಳಿದೀನಿ.”

“ಅವರ ಅಕ್ಕ ಕಣೋ.”

“ಗೊತ್ತು. ಅದಕ್ಕೇ ಮುಂದಿನ ಸಾಲಲ್ಲಿ ಕೂರಿಸಿದೀನಿ.”

ಮೆರ್ವಿ ಮಾಮನ ಕಡೆ ತಿರುಗಿ ಕೈ ಎತ್ತಿದಳು. ಬೆರಳು ಚಳಿಗೆ ಮರಗಟ್ಟಿದ್ದವು. ಅವಳ ಸನ್ನೆಗಳು ಎಳೆಯ ವಯಸ್ಸಿಗೇ ನಿಂತುಹೋಗಿದ್ದವು. ಉತ್ತರಕ್ಕೆ ರೊವಾನಿಯೆಮಿಗೆ ಕೆಲಸಕ್ಕೆ ಹೋದ ಮೇಲೆ ಮಾಮನಿಗೂ ಅವಳಿಗೂ ಫೋನಿನ ಮೆಸೇಜುಗಳೇ ಉಳಿದಿದ್ದವು. ಒಳಗೆ ದುಭಾಷಿ ಇಲ್ಲ, ನಾನೇ ಹೇಳ್ತೀನಿ, ತಪ್ಪಾಗತ್ತೆ ಎಂದು ಹೇಗೋ ತಿಳಿಸಿದಳು. ಪಟ್ಟಿಯ ವಿಷಯ ಹೇಳಲು ಕೈ ಬರಲಿಲ್ಲ.

* * *

ಮೆರ್ವಿ ಚಿಕ್ಕವಳಿದ್ದಾಗ ಹಿಲ್ಕ ಟೀವಿಗೆ ಅಡಿಬರಹದ ಸಾಲು ಬರೆಯುತ್ತಿದ್ದಳು. ಅಮೆರಿಕದವರು ಇಂಗ್ಲಿಷಿನಲ್ಲಿ ಬಾಯಿ ತುಂಬ ಆಡಿದ ಜಗಳವನ್ನು ಫಿನ್ನಿಶ್‌ನ ಎರಡು ಸಾಲಿಗೆ ಇಳಿಸಿ ಚಿತ್ರದ ಅಡಿಗೆ ಕೂರಿಸುವುದು ಅವಳ ಹೊಟ್ಟೆಪಾಡು. ಕಾರ್ಯಕ್ರಮ ಮುಗಿದ ಮೇಲೆ ಅವಳ ಹೆಸರು ಕಣ್ಣು ಮಿಟುಕಿಸುವಷ್ಟು ಹೊತ್ತು ಬರುತ್ತಿತ್ತು. ಅಷ್ಟರಲ್ಲಿ ಜನ ಕಾಫಿಗೆ ನೀರಿಡಲು ಎದ್ದಿರುತ್ತಿದ್ದರು.

ತೌನೊ ಸಂಜೆ ಹೊಲಿಗೆ ಅಂಗಡಿಯಿಂದ ನೇರ ಅಕ್ಕನ ಮನೆಗೆ ಬರುತ್ತಿದ್ದ. ಆಗೆಲ್ಲ ಫಿನ್ನಿಶ್ ಭಾಷೆಯ ಕಾರ್ಯಕ್ರಮಗಳಿಗೆ ಅಕ್ಷರ ಹಾಕುತ್ತಿರಲಿಲ್ಲ. ಹಾಗಾಗಿ ದೇಶದ ಪ್ರಧಾನಿ ಏನೆಂದರೆಂದು ತೌನೊಗೆ ತಿಳಿಯುತ್ತಿರಲಿಲ್ಲ. ಅಮೆರಿಕದ ಯಾವ ಶ್ರೀಮಂತನ ಹೆಂಡತಿ ಯಾರ ಜೊತೆ ಓಡಿಹೋದಳೆಂಬುದು ಮಾತ್ರ ಚೆನ್ನಾಗಿ ತಿಳಿದಿರುತ್ತಿತ್ತು. ಅಂಗಡಿಯಲ್ಲಿ ಇದನ್ನು ನಟಿಸಿ ತೋರಿಸಿ ಎಲ್ಲರನ್ನೂ ನಗಿಸುತ್ತಿದ್ದನಂತೆ.

ಹಿಲ್ಕ ಕೆಲಸ ಮಾಡುತ್ತಿದ್ದ ರೀತಿ ಟೀವಿಯವರಿಗೆ ಗೊತ್ತಿರಲಿಲ್ಲ. ಬರೆದ ಸಾಲುಗಳನ್ನು ದೊಡ್ಡ ಅಕ್ಷರದಲ್ಲಿ ಉದ್ದನೆಯ ರಟ್ಟುಗಳ ಮೇಲೆ ಬರೆದು ಮೆರ್ವಿಯ ಕೈಗೆ ಕೊಡುತ್ತಿದ್ದಳು. ಮೆರ್ವಿ ಟೀವಿಯ ಪಕ್ಕ ಮಂಡಿಯೂರಿ, ಕ್ಯಾಸೆಟ್ಟು ಓಡುತ್ತಿದ್ದಂತೆ ಒಂದೊಂದೇ ರಟ್ಟನ್ನು ಪರದೆಯ ಕೆಳಗೆ ಹಿಡಿಯಬೇಕು. ಎದುರಿಗೆ ಊಟದ ಮೇಜಿನಲ್ಲಿ ಕೂತ ತೌನೊ ಓದಿ ಮುಗಿಸಿದ ಕೂಡಲೇ ಬೆರಳ ಗಂಟಿನಿಂದ ಮೇಜನ್ನು ಒಮ್ಮೆ ಕುಟ್ಟುತ್ತಿದ್ದ. ಟಕ್. ಓದಿಯಾಯ್ತು, ತೆಗಿ. ಮೆರ್ವಿ ರಟ್ಟನ್ನು ಪಕ್ಕಕ್ಕೆ ಎಳೆದು ಮುಂದಿನದನ್ನು ಹಿಡಿಯುತ್ತಿದ್ದಳು. ಟಕ್ ಬರುವುದು ತಡವಾದರೆ ಸಾಲು ಉದ್ದವಾಯಿತೆಂದು ಹಿಲ್ಕ ಮತ್ತೆ ಕತ್ತರಿಸುತ್ತಿದ್ದಳು.

“ಅಮ್ಮಾ, ಕೈ ನೋವು.”

“ಮಾಮ ಇನ್ನೂ ಓದ್ತಿದಾನೆ. ಕುಟ್ಟೋ ತನಕ ಅಲ್ಲಾಡ್ಸಬೇಡ.”

ಒಂದು ಸಲ ಕೋರ್ಟಿನ ನಾಟಕವೊಂದು ಬಂತು. ಅದರಲ್ಲಿ ಕಪ್ಪು ಹೆಂಗಸೊಬ್ಬಳು, ಶಾಲೆಯ ಟೀಚರು, ಕಟಕಟೆಯಲ್ಲಿ ನಿಂತು ಒಂದು ಮಾತು ಹೇಳುತ್ತಾಳೆ. ನಾವು ಎರಡನೇ ದರ್ಜೆಯ ಪ್ರಜೆಗಳು. ಪತ್ರಿಕೆಯವರು ಬರೆಯುವ ಹಾಗೆ ಹಿಲ್ಕ ಅದನ್ನು ಇದ್ದದ್ದು ಇದ್ದ ಹಾಗೇ ಬರೆದಳು. ರಟ್ಟು ಹಿಡಿಯುವುದೇ ತಡ, ತೌನೊ ಟಕ್ ಎಂದ.

ಹಿಲ್ಕ ಕ್ಯಾಸೆಟ್ಟು ನಿಲ್ಲಿಸಿದಳು. ಇಷ್ಟು ಬೇಗ ಓದಿದೆಯಾ, ಏನರ್ಥವಾಯಿತು ಎಂದು ಕೈಯಲ್ಲೇ ಕೇಳಿದಳು.

“ರೈಲು,” ಎಂದು ತೌನೊ ಸನ್ನೆ ಮಾಡಿದ. “ನಾನು ಯಾವಾಗ್ಲೂ ಎರಡನೇ ದರ್ಜೇಲೇ ಹೋಗೋದು. ಸೀಟು ಚೆನ್ನಾಗಿರತ್ತೆ, ಕಾಫೀನೂ ಸಿಗತ್ತೆ. ಇವಳಿಗೆ ಯಾಕಷ್ಟು ಸಿಟ್ಟು?”

ಹಿಲ್ಕ ಮೇಜಿನ ಮೇಲೆ ತಲೆಯಿಟ್ಟು ನಕ್ಕಳು. ಆಮೇಲೆ ಬಿಡಿಸಿ ಹೇಳಲು ಹೊರಟಳು. ಕಾನೂನಿನಲ್ಲಿ ಎಲ್ಲರೂ ಒಂದೇ ಅಂತಾರೆ. ಒಳಗೆ ಬಿಡ್ತಾರೆ, ಕೂರಿಸ್ತಾರೆ. ಆದರೂ ನೀನು ಅವರ ಲೆಕ್ಕಕ್ಕಿಲ್ಲ. ಹಾಗಂತ ಬಾಯಿಬಿಟ್ಟು ಯಾರೂ ಅನ್ನಲ್ಲ. ತೌನೊ ಅವಳ ಕೈಗಳನ್ನೇ ನೋಡುತ್ತಿದ್ದವನು ಅರ್ಥವಾಯಿತೆಂದು ತಲೆಯಾಡಿಸಿ ತನ್ನ ಕುರ್ಚಿಯನ್ನು ಮೇಜಿಗೆ ಎಳೆದುಕೊಂಡ.

ಅವನು ಕ್ರಿಸ್‌ಮಸ್ ಊಟ ತೋರಿಸಿದ. ಎಲ್ಲರೂ ತಿನ್ನುತ್ತಿದ್ದಾರೆ. ಯಾರೋ ಏನೋ ಹೇಳಿದರು, ಮೇಜಿಗೆ ಮೇಜೇ ನಕ್ಕಿತು. ತೌನೊನೂ ನಕ್ಕ, ಯಾಕೆಂದು ತಿಳಿಯದೆ. ಪಕ್ಕದವರ ತೋಳು ಮುಟ್ಟಿ ಏನೆಂದು ಕೇಳಿದ. ಪಕ್ಕದವರು ಬಾಯಿ ಒರೆಸಿಕೊಂಡು, ನಗುತ್ತಲೇ, ಬೆರಳೆತ್ತಿದರು. ಆಮೇಲೆ. ಆಮೇಲೆ ಹೇಳ್ತೀನಿ. ಆ ಆಮೇಲೆ ಬರಲೇ ಇಲ್ಲ.

ಅಲ್ಲಿಗೆ ನಿಲ್ಲಿಸಲಿಲ್ಲ. ಪಾದ್ರಿಯ ಕಚೇರಿ ತೋರಿಸಿದ. ಅವನಿಗೆ ಇಪ್ಪತ್ಮೂರು, ಪಕ್ಕದಲ್ಲಿ ಹೊಸ ಟೋಪಿ ಹಾಕಿಕೊಂಡ ಕೆರ್ತು. ಅವಳೂ ಹುಟ್ಟು ಕಿವುಡಿ. ಪಾದ್ರಿ ತೌನೊನ ಅಪ್ಪನ ಜೊತೆ ಬಹಳ ಹೊತ್ತು ಮಾತಾಡಿದರು. ಇವರಿಬ್ಬರು ಆ ಬಾಯಿಯಿಂದ ಈ ಬಾಯಿಗೆ ನೋಡುತ್ತ ಕೂತರು. ಏನೆಂದು ಕೇಳಿದರೆ ಅಪ್ಪನೂ ಅದೇ ಬೆರಳೆತ್ತಿದ. ಹುಟ್ಟು ಕಿವುಡರು ಒಬ್ಬರನ್ನೊಬ್ಬರು ಮದುವೆಯಾಗಲು ಆಗಿನ ಕಾಯ್ದೆ ಬಿಡುತ್ತಿರಲಿಲ್ಲ. ಅದನ್ನು ಅಪ್ಪ ಹೇಳಿದ್ದು ಎಷ್ಟೋ ದಿನದ ಮೇಲೆ, ಕೊಟ್ಟಿಗೆಯಲ್ಲಿ, ಹಸುವಿನ ಕಡೆ ಮುಖ ಮಾಡಿಕೊಂಡು. ಕಾಯ್ದೆ ಹೋಗುವಷ್ಟರಲ್ಲಿ ಕೆರ್ತು ಸ್ವೀಡನ್ನಿನಲ್ಲಿ ಬೇರೆಯವನ ಮನೆ ನಡೆಸುತ್ತಿದ್ದಳು.

“ಇದಾ ಅವಳು ಹೇಳ್ತಿರೋದು?” ಎಂದು ಕೇಳಿದ ತೌನೊ. “ಇದಾದ್ರೆ ಗೊತ್ತು.” ಹಿಲ್ಕ ಏನೂ ಅನ್ನುವ ಮೊದಲೇ ಅವಳ ಕಡೆ ಬೆರಳು ತೋರಿಸಿದ. “ಹೋದ ಕ್ರಿಸ್‌ಮಸ್ಸಲ್ಲಿ ಪಕ್ಕದಲ್ಲಿ ಕೂತಿದ್ದಿದ್ದು ನೀನು.”

ಹಿಲ್ಕ ಕುತ್ತಿಗೆಯವರೆಗೂ ಕೆಂಪಾಗಿದ್ದಳು. ನಂತರ ಹೊಸ ರಟ್ಟು ತೆಗೆದುಕೊಂಡು ಬರೆದಳು.

ನಮಗೆ ಯಾವಾಗಲೂ
“ಆಮೇಲೆ ಹೇಳ್ತೀವಿ” ಅಂತಾರೆ.

ಮೆರ್ವಿ ಹಿಡಿದಳು. ಪರದೆಯ ಮೇಲೆ ಆ ಟೀಚರಿನ ಮುಖ ನಿಂತಿತ್ತು. ತೌನೊ ನೋಡುತ್ತಲೇ ಇದ್ದ. ಮೆರ್ವಿಯ ತೋಳು ನಡುಗಲು ಶುರುವಾಯಿತು. ಅಷ್ಟು ಚಿಕ್ಕ ಸಾಲಿಗೆ ಅವನು ಅಷ್ಟು ಹೊತ್ತು ತೆಗೆದುಕೊಂಡದ್ದು ಅದೊಂದೇ ಸಲ. ಕಡೆಗೆ ಟಕ್ ಎಂದ.

* * *

“ಆ ಸಾಲನ್ನ ಹೊಡೆದು ಹಾಕಿದ್ದು ನಾನೇ,” ಎಂದಳು ರೌನಿ.

ಚಾಪೆಲ್ಲಿನ ಹೊಸ್ತಿಲಲ್ಲಿ ಮೆರ್ವಿಯ ಕೈ ಹಿಡಿದುಕೊಂಡು ನಿಂತಿದ್ದಳು. ಟೀವಿಯಲ್ಲಿ ಹಿಲ್ಕ ಬರೆದದ್ದನ್ನೆಲ್ಲ ತಿದ್ದುತ್ತಿದ್ದವಳು. ಈಗ ಊರುಗೋಲು ಬಂದಿತ್ತು, ನಾಲಿಗೆ ಹಾಗೇ ಇತ್ತು.

“ಮೂಲದಲ್ಲಿ ಇರೋ ಹಾಗೆ ಎರಡನೇ ದರ್ಜೆ ಅಂತಾನೇ ಹಾಕ್ದೆ. ನಿಮ್ಮಮ್ಮ ತಿಂಗಳಾನುಗಟ್ಟಲೆ ನನ್ನ ಜೊತೆ ಮಾತು ಬಿಟ್ಲು. ಕ್ಯಾಂಟೀನಲ್ಲಿ ನನ್ನ ನೋಡಿದ್ರೆ ಟ್ರೇ ಎತ್ಕೊಂಡು ಬೇರೆ ಮೇಜಿಗೆ ಹೋಗೋಳು.”

“ಈಗ ಬಂದಿದ್ರೆ ಬಿಡ್ತಿದ್ರಾ?” ಎಂದಳು ಮೆರ್ವಿ. ಅವಳ ಕಣ್ಣು ಒಳಗೆ ಮಾಮನ ಮೇಲಿತ್ತು.

“ಬಿಡ್ತಿರ್ಲಿಲ್ಲ. ಆ ಹೆಂಗಸು ಹಾಗೆ ಹೇಳೇ ಇಲ್ವಲ್ಲ. ಹೇಳದೇ ಇರೋದನ್ನ ಹಾಕೋಕಾಗತ್ತಾ?” ರೌನಿ ಕೈಬಿಟ್ಟು ಕೋಲು ಊರಿಕೊಂಡಳು. “ಆದ್ರೆ ನೋಡು, ನಾನು ತಿದ್ದಿದ ಸಾಲುಗಳಲ್ಲಿ ಒಂದೂ ನೆನಪಿಲ್ಲ. ಅದೊಂದಿದೆ.”

ಮೆರ್ವಿಗೆ ನೆನಪಿದ್ದದ್ದು ಬೇರೆ. ಆ ವರ್ಷದಿಂದ ಅಮ್ಮ ಯಾವ ಊಟದಲ್ಲೂ ನೆಮ್ಮದಿಯಾಗಿ ತಿಂದದ್ದಿಲ್ಲ. ಮೇಜಿನಲ್ಲಿ ಯಾರು ಬಾಯಿ ತೆರೆದರೂ ಚಮಚ ಕೆಳಗಿಟ್ಟು ಎರಡೂ ಕೈಯಲ್ಲಿ ತಮ್ಮನಿಗೆ ಹೇಳುತ್ತಿದ್ದಳು. ಹಳಸಲು ಜೋಕು, ನೆಂಟರ ಹೊಟ್ಟೆಕಿಚ್ಚು, ಆಲೂಗಡ್ಡೆಗೆ ಉಪ್ಪು ಕಡಿಮೆಯೆಂಬ ದೂರು, ಯಾವುದನ್ನೂ ಬಿಡುತ್ತಿರಲಿಲ್ಲ. ಅವಳ ತಟ್ಟೆ ಯಾವಾಗಲೂ ತಣ್ಣಗಾಗಿರುತ್ತಿತ್ತು. ಅಪ್ಪ ಬೈಯುತ್ತಿದ್ದ, ಯಾರ್ಮೊ ನಾಚಿಕೊಳ್ಳುತ್ತಿದ್ದ, ತಾನೂ ದೊಡ್ಡವಳಾಗುತ್ತ ನಾಚಿಕೊಂಡಿದ್ದಳು. ಅದನ್ನು ನೆನೆದರೆ ಈಗ ಮೈ ಉರಿಯುತ್ತಿತ್ತು.

ಆರ್ಗನ್ ಶುರುವಾಯಿತು. ಮೆರ್ವಿ ಮುಂದಿನ ಸಾಲಿಗೆ ಹೋಗಿ, ಗೋಡೆಯ ಬಳಿಯ ಕುರ್ಚಿಯೊಂದನ್ನು ಎಳೆದು ತಂದು, ಮಾಮನ ಎದುರಿಗೆ, ಪಾದ್ರಿಗೂ ಅಮ್ಮನ ಪೆಟ್ಟಿಗೆಗೂ ಬೆನ್ನು ಹಾಕಿ ಕೂತಳು. ಕುರ್ಚಿಯ ಕಾಲು ಕಲ್ಲು ನೆಲದ ಮೇಲೆ ಕಿರ್ರೆಂದಿತು.

“ಏನೇ ಇದು,” ಎಂದು ಯಾರ್ಮೊ ಪಿಸುಗುಟ್ಟಿದ. “ಎಲ್ರೂ ನೋಡ್ತಿದಾರೆ.”

“ನೋಡ್ಲಿ.”

ಪಾದ್ರಿ ಹನ್ನೆಲೆ ಚಿಕ್ಕ ವಯಸ್ಸಿನವಳು, ಮಾತು ಬಲು ಚುರುಕು. ಮೆರ್ವಿಯ ಕೈ ಒಂದು ಮಾತನ್ನು ಹಿಡಿಯುವಷ್ಟರಲ್ಲಿ ನಾಲ್ಕು ಮಾತು ದಾಟಿಹೋಗುತ್ತಿದ್ದವು. ಕರುಣೆಗೆ ಕೈ ಸಿಕ್ಕಿತು, ಅನುಗ್ರಹಕ್ಕೆ ಸಿಗಲಿಲ್ಲ. ಪುನರುತ್ಥಾನ ಬಂದಾಗ ಅವಳು ದಿಕ್ಕು ತೋಚದೆ, ಹಾಸಿಗೆಯಿಂದ ಎದ್ದು ನಿಲ್ಲುವುದನ್ನು ತೋರಿಸಿದಳು. ತೌನೊ ಹುಬ್ಬೇರಿಸಿದ. ಆಮೇಲೆ, ಪ್ರಾರ್ಥನೆಯ ನಡುವೆಯೇ, ಮಡಿಲಲ್ಲಿ ಕೈ ಚಿಕ್ಕದಾಗಿ ಮಾಡಿ ಸರಿಯಾದ ಸನ್ನೆ ತೋರಿಸಿಕೊಟ್ಟ. ಅವಳು ಹಾಗೇ ಮಾಡಿದಳು. ಪರವಾಗಿಲ್ಲ, ಮುಂದೆ ಹೋಗು ಎಂದು ತಲೆಯಾಡಿಸಿದ. ಅವಳಿಗೆ ಬೆವರು ಕಿತ್ತುಕೊಂಡು ಬರುತ್ತಿತ್ತು, ಅಮ್ಮನಿಗಾಗಿ ಅಳಲೂ ಪುರುಸೊತ್ತಿರಲಿಲ್ಲ.

ಪಾದ್ರಿ ಪೆಟ್ಟಿಗೆಯ ಮೇಲೆ ಮರಳು ಹಾಕಿದ್ದಾಯಿತು, ಹಾಡು ಮುಗಿಯಿತು. ಹೂವಿಡುವ ಹೊತ್ತು. ಯಾರ್ಮೊ ಹೋಗಿ ಮಕ್ಕಳಿಬ್ಬರ ಪರವಾಗಿ ಹೂವಿಟ್ಟು, ರಿಬ್ಬನ್ನಿನ ಮೇಲೆ ಬರೆದದ್ದನ್ನು ಗಟ್ಟಿಯಾಗಿ ಓದಿದ. ಬಂದು ಕೂತು ಮೂಗು ಒರೆಸಿಕೊಂಡ. ಮುಂದಿನ ಸರದಿ ತೌನೊನದು.

ತೌನೊ ಹೂವಿಟ್ಟ. ತಲೆಬಾಗಿಸಿದ. ಅಲ್ಲಿಗೆ ಮುಗಿಯಿತೆಂದು ಹಿಂದಿನ ಸಾಲಿನವರು ಎದ್ದು ನಿಂತರು. ಆದರೆ ಅವನು ತಿರುಗಲಿಲ್ಲ. ಪೆಟ್ಟಿಗೆಯ ತಲೆಯ ಕಡೆಗೆ ಸುತ್ತಿಹೋಗಿ, ಜನರ ಕಡೆ ಮುಖ ಮಾಡಿ ನಿಂತು, ಕೋಟಿನ ತೋಳನ್ನು ಕೊಂಚ ಮೇಲಕ್ಕೆ ಸರಿಸಿಕೊಂಡು, ಕೆಳಗೆ ಅಕ್ಕನನ್ನು ನೋಡುತ್ತ ಕೈಯಲ್ಲಿ ಮಾತಾಡತೊಡಗಿದ.

ಚಾಪೆಲ್ಲಿನಲ್ಲಿ ಅವನ ಅಂಗೈ ಅಂಗೈಗೆ ತಾಗುವುದು, ಕೋಟಿನ ಬಟ್ಟೆ ಸರಿಯುವುದು, ಅಷ್ಟೇ ಕೇಳುತ್ತಿತ್ತು. ನಿಂತವರು ಕೂರಬೇಕೋ ಬೇಡವೋ ತಿಳಿಯದೆ ಕಾಲು ಬದಲಿಸಿದರು. ಯಾರೋ ಕೆಮ್ಮಿದರು. ಪಾದ್ರಿ ಮೆರ್ವಿಯ ಕಡೆ ನೋಡಿದಳು. ಮೆರ್ವಿ ಕುರ್ಚಿಯಲ್ಲೇ ಹೊರಳಿ ಕೂತು, ಮಾಮನ ಕೈ ಬಿಟ್ಟು ಯಾರ ಕಡೆಯೂ ನೋಡಲಿಲ್ಲ.

“ಏನ್ ಹೇಳ್ತಿದಾರೆ?” ಎಂದು ಯಾರ್ಮೊ ಕೇಳಿದ.

“ಶ್.”

“ಏನಂತೆ?”

“ಆಮೇಲೆ ಹೇಳ್ತೀನಿ.”

ಚುಚ್ಚಬೇಕೆಂದು ಅಂದದ್ದಲ್ಲ. ಕಣ್ಣು ಕದಲಿಸಿದರೆ ಮಾಮನ ಮಾತು ತಪ್ಪಿಹೋಗುತ್ತಿತ್ತು. ಮಾಮನ ಮುಖದಲ್ಲಿ ನಗು ಬಂದು ಹೋಯಿತು. ಅವನ ಕೈ ಏನನ್ನೋ ಕತ್ತರಿಸಿತು, ಯಾರಿಗೋ ಬಡಿಸಿತು. ಯಾರ್ಮೊ ಅಷ್ಟನ್ನೂ ನೋಡುತ್ತಿದ್ದ, ಒಂದೂ ತಿಳಿಯದೆ. ಮಾಮ ನಕ್ಕಾಗ ಅವನ ತುಟಿಯೂ ನಗಲು ಹೋಗಿ ಅರ್ಧಕ್ಕೆ ನಿಂತಿತು. ಅವನು ಮೆರ್ವಿಯ ತೋಳು ಮುಟ್ಟಿದ.

“ನನ್ನಮ್ಮಾನೂ ಹೌದು ಕಣೇ,” ಎಂದ. “ಈಗ ಹೇಳು.”

ಮೆರ್ವಿ ತಿರುಗಿದಳು. ಐವತ್ತರ ಹತ್ತಿರದ ಆ ಮುಖದ ಮೇಲಿದ್ದುದನ್ನು ಅವಳು ಊಟದ ಮೇಜಿನಲ್ಲಿ ಎಷ್ಟೋ ಸಲ ನೋಡಿದ್ದಳು, ಯಾರ್ಮೊನ ಮುಖದಲ್ಲಲ್ಲ, ಮಾಮನ ಮುಖದಲ್ಲಿ. ಅವಳು ಎದ್ದು ನಿಂತಳು. ಒಂದು ಕ್ಷಣ ತಾಳಿ ಎಂದು ಮಾಮನಿಗೆ ಸನ್ನೆ ಮಾಡಿ, ಮತ್ತೆ ಮೊದಲಿಂದ ಹೇಳಿ ಎಂದು ಕೇಳಿಕೊಂಡಳು. ತೌನೊ ಯಾರ್ಮೊನನ್ನು ನೋಡಿದ, ಎದ್ದು ನಿಂತವರನ್ನು ನೋಡಿದ. ಮತ್ತೆ ತೋಳು ಸರಿಸಿಕೊಂಡ. ಮೆರ್ವಿ ತಡವರಿಸುತ್ತ ದನಿ ಕೊಟ್ಟಳು.

“ಅಕ್ಕ, ಈ ಪಾದ್ರಿ ತುಂಬ ಬೇಗ ಮಾತಾಡ್ತಾರೆ. ನೀನಾಗಿದ್ರೆ ಅರ್ಧಕ್ಕರ್ಧ ಕತ್ತರಿಸಿ ಹಾಕ್ತಿದ್ದೆ.”

ಬೆಂಚುಗಳಲ್ಲಿ ಅಂಜಿಕೊಂಡೇ ಒಂದು ನಗು ಎದ್ದಿತು. ಎಲ್ಲರಿಗಿಂತ ಮೊದಲು ನಕ್ಕವಳು ಪಾದ್ರಿ. ಹಿಂದೆ ರೌನಿ ಊರುಗೋಲಿನ ಮೇಲೆ ಗದ್ದ ಊರಿದಳು.

“ನನಗೋಸ್ಕರ ನಿನ್ನ ಊಟ ಎಲ್ಲಾ ತಣ್ಣಗಾಯ್ತು. ನಾನು ತಿನ್ನು ತಿನ್ನು ಅಂದ್ರೂ ಕೇಳ್ಲಿಲ್ಲ. ಇವತ್ತು... ಇವತ್ತು ಕಾಫಿಗೆ ಹೋದಾಗ ನಾನು ನಿನ್ನ ಪಾಲಿನ ಬನ್ನನ್ನ ಬಿಸಿಬಿಸಿ ತಿಂತೀನಿ.” ಮೆರ್ವಿಯ ದನಿ ಒಡೆಯಿತು. ತೌನೊ ಅವಳು ಸುಧಾರಿಸಿಕೊಳ್ಳಲಿ ಎಂದು ಕೈ ನಿಲ್ಲಿಸಿ ಕಾದ. “ಯಾರಾದ್ರೂ ಜೋಕು ಹೇಳಿದ್ರೆ, ನಗಬೇಕಾ ಬೇಡ್ವಾ ಅಂತ ನಾನು ಯಾರ ಮುಖ ನೋಡ್ಲಿ?”

ಅಷ್ಟೇ. ತೌನೊ ತೋಳು ಇಳಿಸಿಕೊಂಡು ಬಂದು ತನ್ನ ಜಾಗದಲ್ಲಿ ಕೂತ.

ಉಳಿದವರು ಹೂವಿಟ್ಟರು. ಕಡೆಯ ಹಾಡೂ ಮುಗಿಯಿತು. ಎತ್ತುವವರು ಮುಂದೆ ಬಂದು ಪಟ್ಟಿ ಹಾಕಿಕೊಂಡರು. ಎಡಗಡೆಯ ಮೊದಲ ಮೂಲೆಗೆ ಕಂಪನಿಯ ಮನುಷ್ಯ ಬಂದು ನಿಂತ. ಯಾರ್ಮೊ ಬಲಗಡೆಯಿಂದ ಅವನನ್ನೇ ನೋಡುತ್ತಿದ್ದವನು, ತನ್ನ ಪಟ್ಟಿ ಹೆಗಲ ಮೇಲಿದ್ದಂತೆಯೇ ಸುತ್ತಿಕೊಂಡು ಬಂದು, ಅವನ ಕಿವಿಯಲ್ಲಿ ಏನೋ ಹೇಳಿದ. ಆ ಮನುಷ್ಯ ಪಟ್ಟಿ ತೆಗೆದುಕೊಟ್ಟು ಹಿಂದೆ ಸರಿದ. ಯಾರ್ಮೊ ಅದನ್ನು ಮಾಮನ ಮುಂದೆ ಹಿಡಿದ. ಹೇಳಲು ಬಾಯಿ ಅಗಲಿಸಿದ, ಮತ್ತೆ ಮುಚ್ಚಿದ. ತೌನೊ ಕಾಯಲಿಲ್ಲ, ಎದ್ದು ಪಟ್ಟಿ ಹಾಕಿಕೊಂಡ.

“ಎತ್ತೋದು ಯಾವಾಗ ಅಂತ ಇವರಿಗೆ ಹೇಗೆ ಹೇಳೋದು?” ಎಂದು ಯಾರ್ಮೊ ತನ್ನ ಮೂಲೆಯಿಂದ ಅಕ್ಕನನ್ನು ಕೇಳಿದ. ಗಾಬರಿ ಅವನನ್ನು ಬಿಟ್ಟಿರಲಿಲ್ಲ.

“ಅವರೇ ಹೇಳ್ತಾರೆ. ನೀವು ಕೇಳಿಸ್ಕೊಳ್ಳಿ.”

ಅವಳು ಮಾಮನಿಗೂ ಅದನ್ನೇ ತಿಳಿಸಿದಳು. ಆರು ಜನ ಮಂಡಿ ಬಗ್ಗಿಸಿ ನಿಂತರು. ತೌನೊ ಬಲಗೈಯನ್ನು ಪೆಟ್ಟಿಗೆಯ ಮುಚ್ಚಳದ ಮೇಲಿಟ್ಟ. ಹೂಗಳನ್ನು, ಅವುಗಳ ರಿಬ್ಬನ್ನುಗಳನ್ನು ಒಂದೊಂದಾಗಿ ನೋಡತೊಡಗಿದ. ಅವನ ತುಟಿ ಅಲ್ಲಾಡುತ್ತಿತ್ತು. ಎಲ್ಲವೂ ಎರಡೆರಡು ಸಾಲು. ಕೆಲವು ಮಡಿಸಿಕೊಂಡಿದ್ದವು, ಅವನ್ನು ಬೆರಳಿನಿಂದ ಬಿಡಿಸಿ ಓದಿದ. ಎತ್ತುವವರ ತೊಡೆ ನಡುಗುತ್ತಿದ್ದವು, ಯಾರ್ಮೊನ ಹಣೆಯಲ್ಲಿ ಬೆವರು ಮೂಡಿತು. ಯಾರೂ ಅಲ್ಲಾಡಲಿಲ್ಲ. ಕಡೆಯ ರಿಬ್ಬನ್ನಿನ ಮೇಲೆ ಅವನ ಕಣ್ಣು ಬಹಳ ಹೊತ್ತು ನಿಂತಿತು.

ಟಕ್.

ಪೆಟ್ಟಿಗೆ ಆರೂ ಪಟ್ಟಿಗಳಲ್ಲಿ ಒಟ್ಟಿಗೇ, ನೆಟ್ಟಗೆ ಮೇಲೆದ್ದಿತು. ಗೋಡೆಯ ಪಕ್ಕ ನಿಂತಿದ್ದ ಮೆರ್ವಿಯ ಎರಡು ಕೈ, ಅವಳಿಗೇ ತಿಳಿಯದೆ, ಖಾಲಿ ಗಾಳಿಯಲ್ಲಿ ರಟ್ಟೊಂದನ್ನು ಪಕ್ಕಕ್ಕೆ ಎಳೆದವು.